ರಾಜನಿಲ್ಲದ ಗಡಿಸೀಮೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಸುರೇಶ,

ಫ್ಯಾಂಟಸಿ ಅಂದ್ರೆ ರಾಜ, ಕತ್ತಿ, ಯುದ್ಧ ಅಷ್ಟೇ ಅಂತ ಮೊನ್ನೆ ಫೋನಿನಲ್ಲಿ ರಾಗ ಎಳೆದೆಯಲ್ಲ, ಅದಕ್ಕೇ ಈ ಪತ್ರ. ಲೋಯಿಸ್ ಮೆಕ್‌ಮಾಸ್ಟರ್ ಬುಜೋಲ್ಡ್ ಬರೆದ ‘ದಿ ಶೇರಿಂಗ್ ನೈಫ್’ ಓದು ಮಾರಾಯ. 2006ರಿಂದ 2009ರವರೆಗೆ ವರ್ಷಕ್ಕೊಂದರಂತೆ ನಾಲ್ಕು ಸಂಪುಟ ಬಂದವು. ಹುಡುಕಿದರೂ ಒಬ್ಬ ರಾಜ ಸಿಗುವುದಿಲ್ಲ.

ಅಮೆರಿಕದ ಓಹಾಯೊ ಕಡೆಯನ್ನು ನೆನಪಿಸುವ ನಾಡು. ಕಾಡು ಕಡಿದು ಹೊಲ ಮಾಡುತ್ತಾ ಉತ್ತರಕ್ಕೆ ಸರಿಯುವ ರೈತರು ಒಂದು ಕಡೆ. ತಲೆತಲಾಂತರದಿಂದ ಗಸ್ತು ತಿರುಗುವ ಲೇಕ್‌ವಾಕರ್‌ಗಳು ಇನ್ನೊಂದು ಕಡೆ. ‘ಮ್ಯಾಲಿಸ್’ ಎಂಬ ಪಿಡುಗು ನೆಲದೊಳಗಿಂದ ಹುಟ್ಟಿ ಸುತ್ತಲಿನ ಜೀವವನ್ನೆಲ್ಲ ಹೀರಿ ಬೆಳೆಯುತ್ತದೆ. ಅದನ್ನು ಕೊಲ್ಲಲು ಸತ್ತ ಲೇಕ್‌ವಾಕರ್‌ನ ಮೂಳೆಯಿಂದ ಮಾಡಿದ ಚೂರಿ ಬೇಕು. ಬರೀ ಮೂಳೆ ಸಾಲದು. ಇನ್ನೊಬ್ಬ ಲೇಕ್‌ವಾಕರ್ ಸಾಯುವ ಹೊತ್ತಿಗೆ ಅದನ್ನು ಎದೆಗೆ ಚುಚ್ಚಿಕೊಂಡು ತನ್ನ ಸಾವನ್ನು ಅದರಲ್ಲಿ ತುಂಬಬೇಕು. ಒಂದು ಮ್ಯಾಲಿಸ್‌ಗೆ ಒಂದು ಚೂರಿ, ಅಷ್ಟಕ್ಕೇ ಅದು ಮುಗಿಯಿತು.

ರೈತರಿಗೆ ಇದ್ಯಾವುದನ್ನೂ ಯಾರೂ ಹೇಳಿಲ್ಲ. ಈ ಲೇಕ್‌ವಾಕರ್‌ಗಳು ಹೆಣ ಕದಿಯುವವರು, ಮನುಷ್ಯರನ್ನು ತಿನ್ನುವವರು ಅಂತ ಊರೂರಲ್ಲಿ ಗುಸುಗುಸು. ಲೇಕ್‌ವಾಕರ್‌ಗಳಿಗೋ ಬಿಗುಮಾನ, ಹೇಳಿದರೂ ಇವರಿಗೇನು ತಿಳಿದೀತು ಅಂತ. ಎರಡನೇ ಸಂಪುಟದಲ್ಲಿ ಗ್ರೀನ್‌ಸ್ಪ್ರಿಂಗ್ ಎಂಬ ರೈತರ ಊರು ಮ್ಯಾಲಿಸ್‌ಗೆ ತುತ್ತಾಗುತ್ತದೆ. ಉಳಿದವರು ಮಕ್ಕಳ ಹೆಣ ಹೂಳುವ ಭಾಗ ಓದಿ ಪುಸ್ತಕ ಪಕ್ಕಕ್ಕಿಟ್ಟುಬಿಟ್ಟೆ. ಒಂದು ಕೈಯಿಲ್ಲದ ಗಸ್ತಿನವ ಡ್ಯಾಗ್ ಅದನ್ನು ಕಣ್ಣಾರೆ ನೋಡುತ್ತಾನೆ. ಸುಮ್ಮನಿದ್ದು ನಾವು ಯಾರನ್ನು ಕಾಪಾಡಿದ ಹಾಗಾಯಿತು ಎಂಬ ಪ್ರಶ್ನೆ ಅವನನ್ನು ಆಮೇಲೆ ಬಿಡುವುದೇ ಇಲ್ಲ.

2009ರಲ್ಲೇ ಪೆಟ್ರೀಷಿಯಾ ರೀಡಿ ಅವರ ‘ಥರ್ಟೀನ್ತ್ ಚೈಲ್ಡ್’ ಎಂಬ ಫ್ಯಾಂಟಸಿ ಕಾದಂಬರಿ ಕೂಡ ಬಂತು. ಅದೂ ಗಡಿಸೀಮೆಯ ಕತೆಯೇ, ಕಲ್ಪನೆಯ ಅಮೆರಿಕದ್ದು. ನದಿಯುದ್ದಕ್ಕೂ ಮಂತ್ರದ ಬೇಲಿ, ಆಚೆ ಮ್ಯಾಮತ್ ಆನೆಗಳು. ಆದರೆ ಆ ಅಮೆರಿಕದಲ್ಲಿ ಮೂಲನಿವಾಸಿಗಳೇ ಇಲ್ಲ! ಅದಕ್ಕೆ ಓದುಗರಿಂದ ಜೋರು ತಕರಾರು ಬಂತು. ಬರಬೇಕಾದ್ದೇ ಅಂತೀನಿ. ಆಚೆಗೆ ಜನರೇ ಇಲ್ಲ ಅಂದಮೇಲೆ ಜಗಳಕ್ಕೂ ಮಾತಿಗೂ ಯಾರು ಸಿಗುತ್ತಾರೆ, ಅಲ್ವಾ?

ಬುಜೋಲ್ಡ್ ಗಡಿಯ ಜಗಳವನ್ನು ಮನೆಯೊಳಗೇ ತರುತ್ತಾರೆ. ಡ್ಯಾಗ್ ರೈತರ ಹುಡುಗಿ ಫಾನ್‌ಳನ್ನು ಮದುವೆಯಾಗುತ್ತಾನೆ. ಅವನ ಮನೆಯವರು ಆ ಮದುವೆಯನ್ನು ಒಪ್ಪುವುದೇ ಇಲ್ಲ. ಹಾಂ, ಮೊದಲ ಸಂಪುಟದಲ್ಲಿ ಪ್ರೇಮಕತೆ ಜಾಸ್ತಿ, ನೀನು ಗೊಣಗುತ್ತೀಯ ಅಂತ ಗೊತ್ತು. ಸಹಿಸಿಕೋ. ಮೂರನೆಯದರಲ್ಲಿ ದೋಣಿ ಹತ್ತುತ್ತಾರೆ. ಅಲ್ಲಿ ಡ್ಯಾಗ್ ಚೂರಿಯ ಗುಟ್ಟನ್ನು ದೋಣಿಯವರೆದುರು ಬಿಚ್ಚಿಡುತ್ತಾನೆ. ಅಲ್ಲಿಗೆ ಬಂದಾಗ ಒಂದು ಫೋನ್ ಹಾಕು, ಅವನು ಮಾಡಿದ್ದು ಸರಿಯೋ ತಪ್ಪೋ ಅಂತ ಜಗಳ ಆಡೋಣ.

ನಿನ್ನ,
ಮಂಜು