ಸೆಟ್ಟಿಂಗ್ ಕಲಿತುಕೋ, ಪುಟ್ಟಿ

ಪ್ರೀತಿಯ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ನಿನ್ನೆ ರಾತ್ರಿ ನೀನು ಫೋನಿನಲ್ಲಿ ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಆಗ ತಾನೇ ಎರಡನೇ ಪಾಳಿ ಮುಗಿಸಿ ಬಂದಿದ್ದೆ, ಅಪ್ಪ ಊಟಕ್ಕೆ ಕಾಯುತ್ತಿದ್ದರು. “ಕಾರ್ಖಾನೆಯಲ್ಲಿ, ಅಚ್ಚು ಮಾಡುವ ಟೂಲ್ ರೂಮ್ ಯಾಕೆ, ಅಳತೆ ನೋಡುವ ಇನ್‌ಸ್ಪೆಕ್ಷನ್‌ಗೆ ಬಾ ಎನ್ನುತ್ತಿದ್ದಾರೆ. ಎ.ಸಿ. ಕೋಣೆ, ಕುಳಿತು ಮಾಡುವ ಕೆಲಸ. ಹೆಣ್ಣುಮಕ್ಕಳ ಬೆರಳು ನಾಜೂಕು, ಅಳತೆ ತಪ್ಪುವುದಿಲ್ಲವಂತೆ. ಏನು ಹೇಳಲಿ ಅಮ್ಮಾ?” ಎನ್ನುವುದು ನಿನ್ನ ಪ್ರಶ್ನೆ. ಯೋಚಿಸಿ ಹೇಳುತ್ತೇನೆ ಎಂದು ಫೋನ್ ಇಟ್ಟೆ. ಆಮೇಲೆ ನಿದ್ದೆ ಹತ್ತಲಿಲ್ಲ. ಬೆರಳಿನ ಈ ಹೊಗಳಿಕೆಯನ್ನು ನಾನು 1997ರಲ್ಲೇ ಕೇಳಿದ್ದೆ.

ಆ ಮಾತು ನಮ್ಮ ಮನೆಗೆ ನನಗಿಂತಲೂ ಮೊದಲೇ ಬಂದಿತ್ತು. ಜಾಲಹಳ್ಳಿಯಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಶುರುವಾಯಿತಲ್ಲ, ನನ್ನ ದೊಡ್ಡಮ್ಮ ಮುಂದೆ ಅಲ್ಲಿಯೇ ಕೆಲಸಕ್ಕೆ ಸೇರಿದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಾಸಿವೆಗಿಂತ ಸಣ್ಣ ಸ್ಕ್ರೂ ಕೂರಿಸುತ್ತಿದ್ದರು. ಕಂಪನಿಯ ಬಸ್ಸಿನಿಂದ ಇಳಿದು ಕೈಚೀಲ ಬೀಸುತ್ತಾ ಅವರು ನಡೆದು ಬರುವುದನ್ನು ನೋಡಿಯೇ ನನಗೆ ಕಾರ್ಖಾನೆಯ ಆಸೆ ಹುಟ್ಟಿದ್ದು. ಗಡಿಯಾರ ಜೋಡಿಸುವುದಕ್ಕೆ ನಿಜವಾಗಿಯೂ ನಾಜೂಕಿನ ಬೆರಳು ಬೇಕು. ಆದರೆ ಕಬ್ಬಿಣ ಕೊರೆಯುವ ನಮ್ಮ ಶೆಡ್ಡಿಗೂ ಅದೇ ಮಾತನ್ನು ತಂದು ಹೆಣ್ಣುಮಕ್ಕಳನ್ನೆಲ್ಲ ಮೇಜಿನ ಮುಂದೆ ಕೂರಿಸಿದರು.

ನಾನು ಐಟಿಐನಲ್ಲಿ ಟರ್ನರ್, ಎಂದರೆ ಲೇತ್ ಯಂತ್ರದ ಕೆಲಸ, ಓದಿದವಳು. ನಮ್ಮ ತಂಡದಲ್ಲಿ ಹುಡುಗಿ ನಾನೊಬ್ಬಳೇ. ಪೀಣ್ಯದ ಕಾರ್ಖಾನೆಗೆ ನನ್ನ ಜೊತೆ ಸೇರಿದ ನಾಲ್ವರು ಹುಡುಗರನ್ನು ಯಂತ್ರದ ಮುಂದೆ ನಿಲ್ಲಿಸಿದರು, ನನ್ನ ಕೈಗೆ ರಂಧ್ರದ ಅಳತೆ ನೋಡುವ ಗೇಜ್ ಕೊಟ್ಟರು. ಗೋ ಗೇಜ್ ಒಳಗೆ ಹೋಗಬೇಕು, ನೋ-ಗೋ ಹೋಗಬಾರದು. ಇಷ್ಟನ್ನೇ ಆರು ವರ್ಷ ಮಾಡಿದೆ. ಆ ಆರು ವರ್ಷದಲ್ಲಿ ನಾಲ್ವರೂ ಆಪರೇಟರ್‌ಗಳಾಗಿ, ಆಮೇಲೆ ಯಂತ್ರವನ್ನು ಕೆಲಸಕ್ಕೆ ಅಣಿಮಾಡುವ ಸೆಟ್ಟರ್‌ಗಳಾದರು. ಒಬ್ಬ ಸೂಪರ್‌ವೈಸರ್ ಕೂಡ ಆದ. ನನ್ನನ್ನು ಕೆಟ್ಟ ಕೆಲಸಗಾರ್ತಿ ಎಂದು ಯಾರೂ ಅನ್ನಲಿಲ್ಲ. ಹೊಗಳಿ ಹೊಗಳಿಯೇ ಅಲ್ಲಿ ಇಟ್ಟರು.

ಬುಷ್ ಎಂಬ ಕೊಳವೆಯಂಥ ಬಿಡಿಭಾಗ ಬರುತ್ತಿತ್ತು, ಅದರ ಬೋರ್, ಎಂದರೆ ಒಳರಂಧ್ರ, 25 ಮಿಲಿಮೀಟರ್, ಹೆಚ್ಚುಕಡಿಮೆಗೆ ಇದ್ದ ಅವಕಾಶ 21 ಮೈಕ್ರಾನ್, ಮಿಲಿಮೀಟರಿನ ಸಾವಿರ ಪಾಲಿನಲ್ಲಿ 21 ಪಾಲು. ಬೆಳಿಗ್ಗೆ ಸಲೀಸಾಗಿ ಒಳಗಿಳಿಯುತ್ತಿದ್ದ ಗೋ ಗೇಜ್ ಮಧ್ಯಾಹ್ನದ ಹೊತ್ತಿಗೆ ಬಿಗಿಯಾಗುತ್ತಿತ್ತು. ಮರುದಿನವೂ ಹಾಗೆಯೇ. ಕೊರೆಯುವ ಅಲಗು, ಇನ್ಸರ್ಟ್, ಸವೆದ ಹಾಗೆಲ್ಲ ಬೋರ್ ಕಿರಿದಾಗುತ್ತಿದೆ ಎನ್ನುವುದು ನನ್ನ ಬೆರಳಿಗೆ ಗೊತ್ತಾಗುತ್ತಿತ್ತು. ಯಂತ್ರದಲ್ಲಿ ಟೂಲಿನ ಸ್ಥಾನ ತಿದ್ದುವ ಆಫ್‌ಸೆಟ್ ಬದಲಿಸಿ ಎಂದು ಹೇಳಿದರೆ ಸೆಟ್ಟರ್ ನಕ್ಕ. ಸಂಜೆಗೆ 140 ಜಾಬ್, ಎಂದರೆ ಕೊರೆದ ಬುಷ್‌ಗಳು, ಗುಜರಿಗೆ ಹೋದವು. ತಪ್ಪು ಎಲ್ಲಿದೆ ಎಂದು ಗೊತ್ತಿದ್ದೂ ಯಂತ್ರ ಮುಟ್ಟಲಾಗದೆ ಕುಳಿತ ಆ ಮಧ್ಯಾಹ್ನದ ಸಂಕಟ ನನಗೆ ಇವತ್ತಿಗೂ ಹಸಿಯಾಗಿದೆ.

ಅಂದಿನಿಂದ ಊಟದ ಬಿಡುವಿನಲ್ಲಿ ಕಲಿಯತೊಡಗಿದೆ. ನಿವೃತ್ತಿಗೆ ಹತ್ತಿರವಿದ್ದ ಹಿರಿಯ ಸೆಟ್ಟರ್ ಒಬ್ಬರು ಒಪ್ಪಿದರು. ಹತ್ತು ನಿಮಿಷದಲ್ಲಿ ಡಬ್ಬಿ ಖಾಲಿ ಮಾಡಿ, ಉಳಿದ ಇಪ್ಪತ್ತು ನಿಮಿಷ ಅವರ ಪಕ್ಕ ನಿಲ್ಲುತ್ತಿದ್ದೆ. ಜಾಬ್ ಹಿಡಿಯುವ ಚಕ್‌ನ ಜಾ (ಹಿಡಿಕೆಯ ಹಲ್ಲು) ಕೊರೆಯುವುದು, ಟೂಲ್ ಮುಟ್ಟಿಸಿ ಸೊನ್ನೆ ಹಿಡಿಯುವುದು, ಮೊದಲ ಜಾಬ್ ತೆಗೆದು ಅಳೆದು ಆಫ್‌ಸೆಟ್ ಕೊಡುವುದು, ಎಲ್ಲವನ್ನೂ ಅವರು ಕಲಿಸಿದರು. ಬಟನ್ ಒತ್ತಿ ಜಾಬ್ ತೆಗೆಯುವವರನ್ನು ಎಷ್ಟು ಬೇಗ ಬೇಕಾದರೂ ಬದಲಾಯಿಸುತ್ತಾರಮ್ಮಾ, ಸೆಟ್ಟಿಂಗ್ ಗೊತ್ತಿದ್ದವರನ್ನು ಮಾತ್ರ ಕೇಳಿಕೊಂಡು ಬರುತ್ತಾರೆ ಎನ್ನುತ್ತಿದ್ದರು. ತಿರುಗುವ ಯಂತ್ರದ ಹತ್ತಿರ ಕೈಗವಸು ಹಾಕಬೇಡ, ಎಳೆದುಕೊಂಡರೆ ಕೈಯನ್ನೂ ಸೇರಿಸಿ ಎಳೆಯುತ್ತದೆ ಎಂದು ಹೇಳಿದ್ದೂ ಅವರೇ. ನಾನು ಬಳೆ ತೆಗೆದಿಟ್ಟದ್ದು ಆಗಲೇ. ನಿನ್ನ ಅಜ್ಜಿ ಎರಡು ದಿನ ಮಾತು ಬಿಟ್ಟಿದ್ದರು.

ಕೆಲಸ ಬಂದಿತು, ಹುದ್ದೆ ಬರಲಿಲ್ಲ. ಸೆಟ್ಟರ್ ಮೂರೂ ಪಾಳಿ ಮಾಡಬೇಕು, ಹೆಂಗಸರಿಗೆ ಮೂರನೇ ಪಾಳಿ ಇಲ್ಲ ಎಂದರು. ಸುಳ್ಳೇನಲ್ಲ. 1948ರ ಕಾರ್ಖಾನೆ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ಆಗ ಹೆಂಗಸರ ಕೆಲಸ ಬೆಳಿಗ್ಗೆ ಆರರಿಂದ ಸಂಜೆ ಏಳರವರೆಗೆ. ಸರ್ಕಾರ ಸಡಿಲಿಸಿದರೂ ರಾತ್ರಿ ಹತ್ತರಿಂದ ಐದರವರೆಗೆ ಕೂಡದು ಎಂದಿತ್ತು. ನಮ್ಮನ್ನು ಕಾಯಲೆಂದು ಬರೆದ ಸಾಲು ನನ್ನ ಬಡ್ತಿಗೆ ಐದು ವರ್ಷ ಅಡ್ಡ ನಿಂತಿತು. ಕೊನೆಗೆ 2008ರಲ್ಲಿ ಸೆಟ್ಟರ್‌ಗಳ ಕೊರತೆ ಬಂದಾಗ ಎರಡೇ ಪಾಳಿಗೆ ಒಪ್ಪಿ ನನ್ನನ್ನು ಸೆಟ್ಟರ್ ಮಾಡಿದರು. ಆ ವರ್ಷದ ಆಯುಧಪೂಜೆಗೂ ಎಂದಿನಂತೆ ರಂಗೋಲಿಗೆ, ಕಡಲೆಪುರಿ ಹಂಚುವುದಕ್ಕೆ ನಮ್ಮನ್ನು ಕರೆದರು. ರಂಗೋಲಿ ಹಾಕಿದೆ. ಆಮೇಲೆ ನಾನು ಸೆಟ್ ಮಾಡಿದ ಯಂತ್ರಕ್ಕೆ ನಾನೇ ಕುಂಕುಮವಿಟ್ಟು, ಬೂದುಗುಂಬಳವನ್ನೂ ನಾನೇ ಒಡೆದೆ.

ಈಗ ಆ ಅಡ್ಡಿ ಇಲ್ಲ. 2019ರ ನವೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಕಾರ್ಖಾನೆಗಳಲ್ಲಿ ಹೆಂಗಸರ ರಾತ್ರಿ ಪಾಳಿಗೆ ಅನುಮತಿ ಕೊಟ್ಟಿತು, 2023ರ ತಿದ್ದುಪಡಿ ಅದನ್ನು ಕಾಯ್ದೆಯೊಳಗೇ ತಂದಿತು. ಆದರೆ ಅದೇ ತಿದ್ದುಪಡಿ ದಿನಕ್ಕೆ ಹನ್ನೆರಡು ಗಂಟೆಯ ದುಡಿಮೆಗೂ ಬಾಗಿಲು ತೆರೆಯಿತು. ಅದು ನನಗೆ ಒಪ್ಪಿಗೆಯಿಲ್ಲ. ಹನ್ನೆರಡು ಗಂಟೆ ನಿಂತು ಮನೆಗೆ ಬಂದು ಒಲೆ ಹಚ್ಚುವವಳು ಯಾರು ಎಂದು ಅದನ್ನು ಬರೆದವರು ಕೇಳಿಕೊಂಡಿಲ್ಲ. ರಾತ್ರಿ ಪಾಳಿಗೆ ನಿನ್ನ ಲಿಖಿತ ಒಪ್ಪಿಗೆ ಕೇಳುತ್ತಾರೆ. ವಾಹನ ನಿನ್ನನ್ನು ಹಾಸ್ಟೆಲ್ ಬಾಗಿಲಿಗೆ ಬಿಡುತ್ತದೆಯೋ ಹೆದ್ದಾರಿಯ ಬದಿಗೆ ಬಿಡುತ್ತದೆಯೋ ತಿಳಿದುಕೊಂಡ ಮೇಲೆ ಸಹಿ ಹಾಕು.

ಇನ್ನೊಂದನ್ನು ಸಂಕೋಚ ಬಿಟ್ಟು ಹೇಳುತ್ತೇನೆ. ನೀರು ಕುಡಿ. ನಮ್ಮಲ್ಲಿ ಹೆಂಗಸರ ಶೌಚಾಲಯ ಶೆಡ್ಡಿನ ಆ ತುದಿಯಲ್ಲಿತ್ತು, ಕೀಲಿ ಸೆಕ್ಯುರಿಟಿಯವರ ಹತ್ತಿರ. ಪ್ರತಿ ಸಲ ಹೋಗಿ ಕೇಳಲು ನಾಚಿ ಹಗಲೆಲ್ಲ ನೀರು ಬಿಟ್ಟೆ. ಎರಡು ಸಲ ಮೂತ್ರದ ಸೋಂಕಾಗಿ ಮಲಗಿದೆ. 2005ರಲ್ಲಿ ನೀನು ಹುಟ್ಟಿದಾಗ ಸಿಕ್ಕ ಹೆರಿಗೆ ರಜೆ ಹನ್ನೆರಡು ವಾರ. ಅದು ಇಪ್ಪತ್ತಾರು ವಾರವಾದದ್ದು 2017ರಲ್ಲಿ. ಮೂವತ್ತಕ್ಕಿಂತ ಹೆಚ್ಚು ಹೆಂಗಸರಿದ್ದರೆ ಶಿಶುವಿಹಾರ ಇಡಬೇಕೆಂಬ ನಿಯಮವಿತ್ತು. ನಾವಿದ್ದದ್ದು ಒಂಬತ್ತು ಜನ. ಮೂರು ತಿಂಗಳ ನಿನ್ನನ್ನು ಅಜ್ಜಿಯ ಮಡಿಲಿಗೆ ಹಾಕಿ, ರವಿಕೆ ಒದ್ದೆಯಾಗುತ್ತಿದ್ದರೂ ಗೇಜ್ ಹಿಡಿದು ಕುಳಿತಿದ್ದೇನೆ. ನಿನಗೆ ಬೇಕಾದದ್ದನ್ನು ಮೊದಲ ತಿಂಗಳಲ್ಲೇ ಕೇಳು, ಮೈ ಸೋತ ಮೇಲೆ ಕೇಳಬೇಡ.

ಅಳತೆಯ ಕೆಲಸ ಕೀಳು ಎಂದು ನಾನು ಹೇಳುತ್ತಿಲ್ಲ. ಇಷ್ಟಪಟ್ಟು ಆರಿಸಿಕೊಂಡವರಿಗೆ ಅದೂ ದೊಡ್ಡ ವಿದ್ಯೆಯೇ. ಆದರೆ ನೀನು ಜಿಟಿಟಿಸಿ ಎಂಬ ಸರ್ಕಾರಿ ತರಬೇತಿ ಕೇಂದ್ರದಲ್ಲಿ ಟೂಲ್ ಅಂಡ್ ಡೈ ಡಿಪ್ಲೊಮಾ ಮಾಡಿದವಳು. ಕಡೆಯ ವರ್ಷದ ತರಬೇತಿಯಲ್ಲಿದ್ದಾಗ ಒಂದು ರಾತ್ರಿ ವಿಡಿಯೊ ಕರೆ ಮಾಡಿ ಕೈ ತೋರಿಸಿದ್ದು ನೆನಪಿದೆಯೇ? ಡೈ ಅಚ್ಚಿನ ಎರಡು ಭಾಗ ಎಲ್ಲಿ ತಗಲುತ್ತವೆ ಎಂದು ನೋಡಲು ಹಚ್ಚಿದ ನೀಲಿ ಬಣ್ಣ ಮೊಣಕೈವರೆಗೂ ಮೆತ್ತಿಕೊಂಡಿತ್ತು. “ಪೂರ್ತಿ ಕೂತಿತು ಅಮ್ಮಾ, ಎಲ್ಲ ಕಡೆ ನೀಲಿ ಬಂತು” ಎಂದು ಕುಣಿಯುತ್ತಿದ್ದೆ ನೀನು. ಉಗುರಿನ ಸಂದಿಯ ನೀಲಿ ಹಬ್ಬಕ್ಕೆ ಬಂದಾಗಲೂ ಹೋಗಿರಲಿಲ್ಲ. ನಿನ್ನೆ ಎ.ಸಿ. ಕೋಣೆಯ ವಿಷಯ ಹೇಳುವಾಗ ನಿನ್ನ ದನಿಯಲ್ಲಿ ಆ ಕುಣಿತವಿರಲಿಲ್ಲ.

ಹಾಗಾಗಿ ಸೋಮವಾರ ಹೋಗಿ ಟೂಲ್ ರೂಮ್ ಬೇಕು ಎಂದು ಹೇಳು. ಜಗಳ ಬೇಡ, ನಾನು ಓದಿದ್ದು ಇದು ಎನ್ನು. ಒಪ್ಪದಿದ್ದರೆ ಆರು ತಿಂಗಳ ನಂತರ ಕಳಿಸುತ್ತೇವೆ ಎಂದು ಬರೆದುಕೊಡಲು ಕೇಳು. ನೇಮಕಾತಿ ಪತ್ರದಲ್ಲಿ ಹುದ್ದೆಯ ಹೆಸರು ಏನೆಂದು ಬರೆದಿದ್ದಾರೆ, ನೋಡು. ನಿನ್ನ ಚಿಕ್ಕಮ್ಮ ಹದಿನೈದು ವರ್ಷ ಗಾರ್ಮೆಂಟ್ಸ್‌ನಲ್ಲಿ ಕಾಲರ್‌ನಿಂದ ಕಫ್‌ವರೆಗೆ ಎಲ್ಲವನ್ನೂ ಹೊಲಿದಳು, ಹೊಸಬರಿಗೆ ಕಲಿಸಿದಳು. ಕಾಗದದಲ್ಲಿ ಇಂದಿಗೂ ಟೈಲರ್. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ಹಿಂಪಡೆಯುವ ನಿಯಮ ಬಿಗಿಯಾದಾಗ ಗಾರ್ಮೆಂಟ್ಸ್ ಹೆಂಗಸರ ಜೊತೆ ಬೆಂಗಳೂರಿನ ರಸ್ತೆಯಲ್ಲಿ ಕುಳಿತವಳು ಅವಳು. ಸರ್ಕಾರವೇ ಆ ನಿಯಮ ಹಿಂತೆಗೆದುಕೊಂಡಿತು. ಅಷ್ಟು ಗಟ್ಟಿ ಹೆಂಗಸು ತನ್ನ ಹುದ್ದೆಯ ಹೆಸರನ್ನು ಮಾತ್ರ ಒಮ್ಮೆಯೂ ಕೇಳಲಿಲ್ಲ.

ಚಟ್ನಿಪುಡಿ, ನಿಪ್ಪಟ್ಟು ಕಳಿಸುತ್ತಿದ್ದೇನೆ. ದಾಬಸ್‌ಪೇಟೆ ಕಡೆ ಬರುವ ನಿನ್ನ ಮಾವನ ಕೈಯಲ್ಲಿ ಈ ಪತ್ರವೂ ಬರುತ್ತದೆ. ಸೋಮವಾರ ಮಾತಾಡಿದ ಮೇಲೆ ಫೋನ್ ಮಾಡು. ನನಗೆ ಮುಂದಿನ ವಾರವೂ ಎರಡನೇ ಪಾಳಿಯೇ, ರಾತ್ರಿ ಹನ್ನೊಂದರ ನಂತರ ಎಚ್ಚರವಾಗಿರುತ್ತೇನೆ.

ನಿನ್ನ ಅಮ್ಮ