ಪಿಕಪ್ ಗಾಡಿಗಳ ಸರ್ವಿಸ್ ಇನ್ನು ಕಿಲೋಮೀಟರ್ ಲೆಕ್ಕಕ್ಕಲ್ಲ, ಡೀಸೆಲ್ ಲೆಕ್ಕಕ್ಕೆ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಬರುವ ತಿಂಗಳ 1ನೇ ತಾರೀಖಿನಿಂದ ನಮ್ಮ ಮಂಡ್ಯದ ಸರ್ವಿಸ್ ಕೇಂದ್ರದಲ್ಲಿ 8,000 ಕಿ.ಮೀ.ಗೊಂದರಂತೆ ಮಾಡುತ್ತಿದ್ದ ಪ್ಯಾಕೇಜ್ ಸರ್ವಿಸ್ ಇರುವುದಿಲ್ಲ. ಗಾಡಿ ಎಷ್ಟು ಓಡಿದೆ ಎನ್ನುವುದರ ಜೊತೆಗೆ ಎಷ್ಟು ಲೀಟರ್ ಡೀಸೆಲ್ ಸುಟ್ಟಿದೆ ಎಂದು ನೋಡಿ ಆಯಿಲ್ ಬದಲಿಸುತ್ತೇವೆ. 2.5 ಲೀಟರ್ ಎಂಜಿನ್ನಿನ ಪಿಕಪ್‌ಗೆ 750 ಲೀಟರ್, 1.5 ಲೀಟರ್ ಎಂಜಿನ್ನಿನ ಚಿಕ್ಕ ಗಾಡಿಗೆ 600 ಲೀಟರ್ ನಾವು ಇಟ್ಟುಕೊಂಡಿರುವ ಮಿತಿ. ಇದು ಮುಗಿಯುವ ಮೊದಲೇ ಕಂಪನಿ ಕೈಪಿಡಿಯ ಕಿಲೋಮೀಟರ್ ಅಥವಾ ತಿಂಗಳ ಗಡುವು ಬಂದರೆ ಆಗಲೇ ಬದಲಿಸಬೇಕು. ವಾರಂಟಿಯಲ್ಲಿರುವ ಗಾಡಿಗೆ ಇದರಲ್ಲಿ ಯಾವ ಸಡಿಲಿಕೆಯೂ ಇಲ್ಲ.

ಕಾರಣ ಹೇಳುತ್ತೇವೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೇ ಓಡಾಡುವ ಪಿಕಪ್ ಲೀಟರಿಗೆ 14 ಕಿ.ಮೀ. ಕೊಡುತ್ತದೆ ಎನ್ನಿ. 8,000 ಕಿ.ಮೀ.ಗೆ ಅದು ಸುಡುವುದು ಸುಮಾರು 570 ಲೀಟರ್. ಪಾಂಡವಪುರದ ಕಡೆ ಆಲೆಮನೆಯಿಂದ ಆಲೆಮನೆಗೆ ಬೆಲ್ಲ ತುಂಬಿಕೊಂಡು, ಎರಡು–ಮೂರನೇ ಗೇರಿನಲ್ಲಿ ತೆವಳುತ್ತ, ಲೋಡು ಮಾಡುವಾಗ ಎಂಜಿನ್ ಆನ್‌ನಲ್ಲೇ ನಿಲ್ಲುವ ಗಾಡಿ ಲೀಟರಿಗೆ 10 ಕೊಟ್ಟರೆ ಹೆಚ್ಚು. ಅಷ್ಟೇ ದೂರಕ್ಕೆ ಅದು 800 ಲೀಟರ್ ಸುಟ್ಟಿರುತ್ತದೆ. ಮೀಟರಿನಲ್ಲಿ ಎರಡೂ ಒಂದೇ, ಎಂಜಿನ್ ದುಡಿದ ದುಡಿಮೆ ಒಂದೇ ಅಲ್ಲ. ಹೊಸ ಲೆಕ್ಕದಲ್ಲಿ ಆಲೆಮನೆಯ ಗಾಡಿ 7,500 ಕಿ.ಮೀ.ಗೇ ಆಯಿಲ್‌ಗೆ ಬರುತ್ತದೆ. ಹೆದ್ದಾರಿಯ ಗಾಡಿ, ಕೈಪಿಡಿ ಒಪ್ಪಿದರೆ, 10,000ದವರೆಗೆ ಹೋಗಬಹುದು.

2020ರ ಏಪ್ರಿಲ್ ನಂತರದ ಬಿಎಸ್-6 (ಹೊಸ ಹೊಗೆ ನಿಯಮದ) ಗಾಡಿಗಳಿಗೆ ಇದು ಇನ್ನೂ ಮುಖ್ಯ. ಇವುಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್, ಇರುತ್ತದೆ. ಮಸಿ ತುಂಬಿದಾಗ ಎಂಜಿನ್ ತಾನಾಗಿ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ, ಫಿಲ್ಟರಿನ ಒಳಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಹುಟ್ಟಿಸಿ ಅದನ್ನು ಸುಡುತ್ತದೆ. ಮೂರು ಕಿಲೋಮೀಟರ್ ಓಡಿಸಿ ಆಫ್ ಮಾಡುವ ಗಾಡಿಯಲ್ಲಿ ಈ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಸುಡದೆ ಉಳಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್ ಸೇರುತ್ತದೆ. ಹಾಗಾಗಿ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕಡಿಮೆಯಾಗುವುದನ್ನಷ್ಟೇ ನೋಡಬೇಡಿ, ಮೇಲಿನ ಗೆರೆ ದಾಟಿದೆಯೇ ಎಂದೂ ನೋಡಿ. ದಾಟಿದ್ದು ಡೀಸೆಲ್ ವಾಸನೆಯೂ ಹೊಡೆದರೆ ಗಾಡಿ ಓಡಿಸದೆ ಕರೆ ಮಾಡಿ. ತೆಳುವಾದ ಆಯಿಲ್ ಮೊದಲು ತಿನ್ನುವುದು ಟರ್ಬೊ ಮತ್ತು ಬೇರಿಂಗ್‌ಗಳನ್ನು.

ಡಿಪಿಎಫ್ ದೀಪ ಹೊತ್ತಿಕೊಂಡರೆ ಗಾಬರಿ ಬೇಡ, ಎಂಜಿನ್ ಆಫ್ ಮಾಡುವುದೂ ಬೇಡ. ಖಾಲಿ ರಸ್ತೆಗೆ ತಂದು 50–60ರ ವೇಗದಲ್ಲಿ, ಒಂದು ಗೇರು ಕಡಿಮೆ ಹಾಕಿ, 2,000 ಆರ್‌ಪಿಎಂ ಮೇಲಿಟ್ಟು 15–20 ನಿಮಿಷ ನಿಲ್ಲಿಸದೆ ಓಡಿಸಿ. ದೀಪ ಆರದಿದ್ದರೆ ಅಥವಾ ಎಳೆತ ಬಿದ್ದುಹೋದರೆ ನೇರ ನಮ್ಮಲ್ಲಿಗೆ ತನ್ನಿ. ಒಂದು ಮಾತು ಕೈಮುಗಿದು ಹೇಳುತ್ತೇವೆ: ಆಲೆಮನೆಯ ಅಂಗಳದಲ್ಲಿ, ಒಣಗಿದ ಕಬ್ಬಿನ ತರಗು ಅಥವಾ ಸಿಪ್ಪೆಯ ಮೇಲೆ ಗಾಡಿ ನಿಲ್ಲಿಸಬೇಡಿ. ಮಸಿ ಸುಡುತ್ತಿರುವ ಹೊತ್ತಿನಲ್ಲಿ ಕೆಳಗಿನ ಕೊಳವೆಯ ಬಿಸಿಗೆ ತರಗು ಹೊತ್ತಿಕೊಂಡರೆ ಗಾಡಿಯೂ ಹೋಗುತ್ತದೆ, ಆಲೆಮನೆಯೂ ಹೋಗುತ್ತದೆ.

ಡಿಪಿಎಫ್ ತೆಗೆಸಿ ಖಾಲಿ ಪೈಪ್ ಹಾಕಿಸಿ ಎಂದು ಕೇಳುವವರಿದ್ದಾರೆ. ಆ ಕೆಲಸ ನಾವು ಮಾಡುವುದಿಲ್ಲ. ಅದು ಕಾನೂನಿಗೆ ವಿರುದ್ಧ, ಹೊಗೆಯೂ ಊರಿಗೇ. ಸೆನ್ಸರ್‌ಗಳು ಕೂಡ ಸುಮ್ಮನಿರುವುದಿಲ್ಲ. ಆಯಿಲ್ ಕೂಡ ಕೈಪಿಡಿ ಹೇಳಿದ ಕಡಿಮೆ ಬೂದಿಯ ದರ್ಜೆಯದನ್ನೇ ಹಾಕುತ್ತೇವೆ. ಮಸಿ ಸುಟ್ಟುಹೋಗುತ್ತದೆ, ಆಯಿಲ್‌ನ ಬೂದಿ ಸುಡುವುದಿಲ್ಲ, ಫಿಲ್ಟರಿನಲ್ಲೇ ಉಳಿಯುತ್ತದೆ. ಹೊಗೆ ಶುದ್ಧಿಗೆ ಯೂರಿಯಾ ಟ್ಯಾಂಕ್ ಇರುವ ಗಾಡಿಯವರು ಹೊಲದ ಯೂರಿಯಾ ಕರಗಿಸಿ ಸುರಿಯಬೇಡಿ. ಅದು ಬೇವು ಲೇಪಿತ. ಗಾಡಿಗೆ ಬೇಕಾದದ್ದು ಶೇ. 32.5ರ ಶುದ್ಧ ದ್ರಾವಣ.

ಈಗ ಡೀಸೆಲ್ ಪುಸ್ತಕದ ವಿಷಯ. ಪ್ರತಿ ಗಾಡಿಗೂ ಒಂದು ಚಿಕ್ಕ ಪುಸ್ತಕ ಉಚಿತವಾಗಿ ಕೊಡುತ್ತೇವೆ. ಡೀಸೆಲ್ ಹಾಕಿಸಿದಾಗಲೆಲ್ಲ ತಾರೀಖು, ಮೀಟರ್ ರೀಡಿಂಗ್, ಲೀಟರ್ ಬರೆಯಿರಿ. 500 ರೂಪಾಯಿಗೆ, ಸಾವಿರಕ್ಕೆ ಹಾಕಿಸಿದರೂ ಒಟ್ಟು ಲೀಟರ್ ಸಿಗುತ್ತದೆ, ಆಯಿಲ್ ಲೆಕ್ಕಕ್ಕೆ ಅದು ಸಾಕು. ಮೈಲೇಜ್ ಸರಿಯಾಗಿ ತಿಳಿಯಬೇಕಾದರೆ ಮಾತ್ರ ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ಗೆ ಅಳೆಯಬೇಕು. ಸಮತಟ್ಟಾದ ಬಂಕಿನಲ್ಲಿ, ಗನ್ ಮೊದಲ ಸಲ ತಾನಾಗಿ ಕಟ್ ಆದಾಗ ನಿಲ್ಲಿಸಿ. ಗಾಡಿ ಅಲ್ಲಾಡಿಸಿ ಕುತ್ತಿಗೆವರೆಗೆ ತುಂಬಿಸಬೇಡಿ. 400 ಕಿ.ಮೀ.ಗೆ ಕಡಿಮೆಯಿಲ್ಲದಂತೆ ಓಡಿಸಿ ಅದೇ ಬಂಕಿನಲ್ಲಿ ಹಾಗೆಯೇ ತುಂಬಿಸಿ. 462 ಕಿ.ಮೀ.ಗೆ 36.5 ಲೀಟರ್ ಹಿಡಿದರೆ ಮೈಲೇಜ್ 12.66. ಹತ್ತು ಲೀಟರ್ ಹಾಕಿ ಅಳೆದರೆ ಒಂದು ಲೀಟರಿನ ಹೆಚ್ಚುಕಡಿಮೆಗೇ ಲೆಕ್ಕ ಶೇ. 10ರಷ್ಟು ತಪ್ಪುತ್ತದೆ, 40 ಲೀಟರಿನಲ್ಲಾದರೆ ಶೇ. 2.5 ಮಾತ್ರ. ಟೈರ್ ಅಳತೆ ಬದಲಿಸಿದ್ದರೆ ಮೀಟರೇ ತಪ್ಪು ತೋರಿಸುತ್ತದೆ, ಅದನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆಸಿ.

ಜಾಹೀರಾತಿನ ಮೈಲೇಜ್ ನಮಗೇಕೆ ಬರುವುದಿಲ್ಲ ಎಂದು ಕೇಳುತ್ತೀರಿ. ಆ ಪರೀಕ್ಷೆ ನಡೆಯುವುದು ರೋಲರ್ ಮೇಲೆ, ನಿಗದಿತ ವೇಗದಲ್ಲಿ. ಅಲ್ಲಿ ಬೆಲ್ಲದ ಲೋಡೂ ಇಲ್ಲ, ನಾಲೆ ಏರಿಯ ಗುಂಡಿಯೂ ಇಲ್ಲ. ನಿಮ್ಮ ಗಾಡಿಯನ್ನು ಹೋಲಿಸಬೇಕಾದದ್ದು ಅದರದೇ ಹಿಂದಿನ ತಿಂಗಳ ಲೆಕ್ಕಕ್ಕೆ. ಡೀಸೆಲ್ ₹90 ಎಂದಿಟ್ಟುಕೊಂಡು ತಿಂಗಳಿಗೆ 3,000 ಕಿ.ಮೀ. ಓಡಿಸುವವರಿಗೆ ಮೈಲೇಜ್ 13ರಿಂದ 12ಕ್ಕೆ ಇಳಿದರೆ 19 ಲೀಟರ್ ಹೆಚ್ಚಿಗೆ ಬೇಕು, ಅಂದರೆ ಸುಮಾರು ₹1,730. ಬಾಡಿಗೆ ಮಾತಾಡುವಾಗ ಈ ದುಡ್ಡು ಎಲ್ಲೂ ಕಾಣಿಸುವುದಿಲ್ಲ.

ಪುಸ್ತಕದಲ್ಲಿ ಮೈಲೇಜ್ ಒಂದು ಕಿ.ಮೀ.ಗಿಂತ ಹೆಚ್ಚು ಇಳಿದದ್ದು ಕಂಡರೆ ನಾವು ಮೊದಲು ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿಗೆ ಕೈ ಹಾಕುವುದಿಲ್ಲ. ಬಹಳ ಸಲ ಕಾರಣ ಅಗ್ಗದ್ದೇ ಆಗಿರುತ್ತದೆ. ಟೈರ್ ಗಾಳಿ, ಅದೂ ತಣ್ಣಗಿದ್ದಾಗ, ಬಾಗಿಲ ಬಳಿಯ ಚೀಟಿಯಂತೆ ಹಿಂದೆ ಮುಂದೆ ಬೇರೆ ಬೇರೆ. ಆಮೇಲೆ ಬ್ರೇಕ್ ಹಿಡಿದುಕೊಂಡಿದೆಯೇ ಎಂದು ನೋಡುತ್ತೇವೆ. ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದು ಮಾತ್ರ ಹೆಚ್ಚು ಬಿಸಿ ಬಡಿದರೆ ಬ್ರೇಕಿನ ಕ್ಯಾಲಿಪರ್ ಪಿನ್ ಅಥವಾ ಹ್ಯಾಂಡ್‌ಬ್ರೇಕ್ ಕೇಬಲ್ ಅಂಟಿರಬಹುದು. ಕಬ್ಬಿನ ಹಂಗಾಮಿನಲ್ಲಿ ಏರ್ ಫಿಲ್ಟರ್ ಧೂಳು ಬೇಗ ಕಟ್ಟುತ್ತದೆ. ಹೊರಗಿನಿಂದ ಜೋರು ಗಾಳಿ ಹೊಡೆದರೆ ಧೂಳು ಕಾಗದದ ಒಳಕ್ಕೇ ಹೋಗುತ್ತದೆ, ಒಳಗಿನಿಂದ ಹೊರಕ್ಕೆ ಮೆಲ್ಲಗೆ ಹೊಡೆಯಬೇಕು. ಟರ್ಬೊ ಪೈಪಿನ ಕ್ಲಾಂಪ್ ಬಳಿ ಎಣ್ಣೆ ಜಿನುಗಿದ್ದು, ಏರಿನಲ್ಲಿ ಸಿಳ್ಳೆಯ ಸದ್ದು ಬಂದರೆ ಗಾಳಿ ಸೋರುತ್ತಿದೆ.

ಯಾರೂ ಅನುಮಾನಿಸದ ಭಾಗ ಥರ್ಮೋಸ್ಟಾಟ್, ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ಕೂಲೆಂಟ್ ಹೋಗದಂತೆ ತಡೆಯುವ ಕವಾಟ. ಅದು ತೆರೆದ ಸ್ಥಿತಿಯಲ್ಲೇ ನಿಂತುಬಿಟ್ಟರೆ ಎಂಜಿನ್ ಕಾಯುವುದೇ ಇಲ್ಲ, ಬಿಸಿಯ ಮುಳ್ಳು ಕೆಳಗೇ ಇರುತ್ತದೆ. ಚಾಲಕರು ‘ಗಾಡಿ ಕೂಲಾಗಿದೆ’ ಎಂದು ಖುಷಿಪಡುತ್ತಾರೆ. ಅಷ್ಟರಲ್ಲಿ ಡೀಸೆಲ್ ಹೆಚ್ಚು ಹೋಗುತ್ತಿರುತ್ತದೆ, ಡಿಪಿಎಫ್ ಸುಡುವ ಕೆಲಸವೂ ಶುರುವಾಗುವುದಿಲ್ಲ. ಅದಕ್ಕೇ ಡಿಪಿಎಫ್ ದೂರು ತಂದವರ ಗಾಡಿಯಲ್ಲಿ ಮೊದಲು ಕೂಲೆಂಟ್ ಬಿಸಿ ಅಳೆಯುತ್ತೇವೆ.

ಓಡಿಸುವವರ ಕೈಯಲ್ಲಿರುವುದು ವೇಗ. 60ರಿಂದ 80ಕ್ಕೆ ಏರಿಸಿದರೆ ಗಾಳಿಯ ತಡೆ ಸುಮಾರು 1.8 ಪಟ್ಟು. ಮದ್ದೂರಿನ ಎಳನೀರಿನ ಗಾಡಿಗಳಂತೆ ಕ್ಯಾಬಿನ್‌ಗಿಂತ ಎತ್ತರ ಹೇರಿ, ಟಾರ್ಪಾಲ್ ಪಟಪಟ ಬಡಿಯುತ್ತಿದ್ದರೆ ಇನ್ನೂ ಹೆಚ್ಚು. ಗುಂಡ್ಲುಪೇಟೆ ಮೇಲೆ ಕೇರಳಕ್ಕೆ ತರಕಾರಿ ಒಯ್ಯುವವರು ಬಂಡೀಪುರದ ರಾತ್ರಿ 9ರಿಂದ ಬೆಳಿಗ್ಗೆ 6ರ ನಿರ್ಬಂಧಕ್ಕೆ ಸಿಕ್ಕಿ ಕಾಯುವಾಗ ಎಂಜಿನ್ ಆಫ್ ಮಾಡಿ. ಓವರ್‌ಲೋಡಿಗೆ ದಂಡವೇ ₹20,000ದಿಂದ ಶುರು, ಮೇಲೆ ಹೆಚ್ಚುವರಿ ಟನ್ನಿಗೆ ₹2,000.

ಹಿಂದಿನ ಹೊಗೆ ನಿಯಮದ ಬಿಎಸ್-4 ಗಾಡಿಗಳಿಗೂ ಡೀಸೆಲ್ ಲೆಕ್ಕವೇ ಅನ್ವಯ. ಪ್ಯಾಕೇಜಿಗೆ ಮುಂಗಡ ಕಟ್ಟಿರುವವರಿಗೆ ಉಳಿದ ಸರ್ವಿಸ್‌ಗಳನ್ನು ಹಳೆಯ ದರದಲ್ಲೇ ಮಾಡಿಕೊಡುತ್ತೇವೆ. ಬೇಡವೆಂದರೆ ಹಣ ವಾಪಸ್. ಮುಂದಿನ ಸಲ ಬರುವಾಗ ಆರ್‌ಸಿ, ಕಂಪನಿ ಕೈಪಿಡಿ ಮತ್ತು ಕೈಯಲ್ಲಿರುವ ಬಂಕಿನ ರಸೀದಿಗಳನ್ನು ತನ್ನಿ, ಪುಸ್ತಕದ ಮೊದಲ ಪುಟವನ್ನು ನಾವೇ ಕೂತು ತುಂಬಿಸಿಕೊಡುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಸರ್ವಿಸ್ ಕೇಂದ್ರದ ಬಳಗ, ಮಂಡ್ಯ