ನೆರಳಿನ ನೆಪದಲ್ಲಿ ಗುತ್ತಿಗೆ ಹಣ ಮುರ್ಕೊಂಡಿರೋ ಬಗ್ಗೆ ದೂರು

ಸೋಲಾರ್ ಪ್ಲಾಂಟಿನ ಪ್ರಾಜೆಕ್ಟ್ ಮ್ಯಾನೇಜರ್ ಅವರಿಗೆ,
ನಾಗಮಂಗಲ ತಾಲೂಕು, ಮಂಡ್ಯ ಜಿಲ್ಲೆಯಿಂದ

ಸರ್, ನಮಸ್ಕಾರ. ನಿಮಗೆ ಗುತ್ತಿಗೆಗೆ ಕೊಟ್ಟಿರೋ ಜಮೀನಿನ ಪಡುವಲ ಬದುವಿನಾಚೆ ಇರೋ ನಮ್ಮ ತೆಂಗಿನ ಮರಗಳಿಗೆ ನಿಮ್ಮ ಸೂಪರ್‌ವೈಸರ್ ನಮ್ಮನ್ನ ಒಂದು ಮಾತೂ ಕೇಳದೆ ಕೆಂಪು ಪೇಂಟಲ್ಲಿ ನಂಬರ್ ಬರೆದು ಹೋಗಿದಾರೆ. ಹಿಂದೇನೇ ನೋಟಿಸ್ ಬಂತು, ನೆರಳಿಂದ ಜನರೇಷನ್ ಲಾಸ್ ಆಗ್ತಿದೆ ಮರ ಕಡೀರಿ, ಇಲ್ಲಾಂದ್ರೆ ಲಾಸನ್ನ ಬಾಡಿಗೇಲಿ ಮುರ್ಕೋತೀವಿ ಅಂತ. ಮುರ್ಕೊಂಡೂ ಬಿಟ್ರಿ, ಈ ಸಲದ ಹಣ ಪೂರ್ತಿ ಬಂದಿಲ್ಲ.

ನೆರಳು ಬೀಳೋದು ನಿಜ. ಸಾಯಂಕಾಲ ನಾಲ್ಕು ಗಂಟೆ ಮೇಲೆ ಗರಿ ನೆರಳು ಬೇಲಿ ದಾಟಿ ಮೊದಲನೇ ಸಾಲಿನ ಮೇಲೆ ಬರುತ್ತೆ, ಪ್ಯಾನೆಲ್‌ಗಳು ಒಂದಕ್ಕೊಂದು ಸೀರೀಸಲ್ಲಿ ಇರೋದ್ರಿಂದ ಒಂದೆರಡರ ಮೇಲೆ ಬಿದ್ರೂ ಹಾಗೆ ಜೋಡಿಸಿರೋ ಇಡೀ ಸಾಲಿನ (ಸ್ಟ್ರಿಂಗಿನ) ಕರೆಂಟ್ ಕಮ್ಮಿ ಆಗುತ್ತೆ ಅಂತ ನಿಮ್ಮ ಇಂಜಿನಿಯರೇ ಹೇಳಿದ್ರು. ಆದ್ರೆ ಆ ಮರಗಳು ನಮ್ಮಪ್ಪ ನೆಟ್ಟಿದ್ದು ಸರ್. ನೀವು ಸರ್ವೆ ಮಾಡಿಸಿ ಲೇಔಟ್ ಹಾಕಿದಾಗ್ಲೂ ಅಲ್ಲೇ ಇದ್ವು, ನಿಮ್ಮ ಸರ್ವೆಯವರು ಎಳನೀರು ಕುಡಿದಿದ್ದೂ ಅದೇ ಮರದ್ದು. ಬೇಲಿಗೆ ಅಂಟಿಸ್ಕೊಂಡು ಸಾಲು ಕೂರಿಸಿದ್ದು ನಿಮ್ಮ ಡಿಸೈನು. ನಮ್ಮ ಕಡೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೀರು ಬರಲ್ಲ, ಬೋರ್‌ವೆಲ್ ನೀರು ಬಿಟ್ಟು ಬಿಟ್ಟು ಉಳಿಸ್ಕೊಂಡಿರೋ ಮರ, ಕಡಿ ಅಂದ ತಕ್ಷಣ ಕಡಿಯೋಕಾಗಲ್ಲ.

ನೋಟಿಸಲ್ಲಿ 2003ರ ಎಲೆಕ್ಟ್ರಿಸಿಟಿ ಆಕ್ಟ್ ಸೆಕ್ಷನ್ 68 ಅಂತ ಹಾಕಿದೀರಾ. ಆ ಸೆಕ್ಷನಲ್ಲಿ ಮರ ತೆಗೆಸೋ ಮಾತು ಬರೋದು ಮೇಲೆ ಹೋಗೋ ವಿದ್ಯುತ್ ಲೈನಿಗೆ ಅಡ್ಡ ಆದಾಗ, ಅದನ್ನೂ ಕಂಪನಿ ತಾನೇ ಆರ್ಡರ್ ಮಾಡೋ ಹಾಗಿಲ್ಲ, ಎಕ್ಸಿಕ್ಯೂಟಿವ್ ಮ್ಯಾಜಿಸ್ಟ್ರೇಟ್ ಇಲ್ಲಾ ಸರ್ಕಾರ ಗೊತ್ತು ಮಾಡಿದ ಅಧಿಕಾರಿ ಹತ್ರ ಅರ್ಜಿ ಹಾಕ್ಬೇಕು, ಲೈನ್ ಎಳೆಯೋಕೆ ಮುಂಚಿಂದ ಇದ್ದ ಮರ ಆದ್ರೆ ಪರಿಹಾರ ಕೊಡ್ಬೇಕು. ಪ್ಯಾನೆಲ್ ಮೇಲೆ ನೆರಳು ಬಿತ್ತು ಅನ್ನೋದು ಅದ್ರಲ್ಲಿ ಎಲ್ಲಿದೆ ತೋರಿಸಿ. ಇನ್ನು ಬಿಸಿಲು ಬರೋದು ನಮ್ಮ ಹಕ್ಕು ಅಂತ ನಿಮ್ಮ ಲೀಗಲ್‌ನವರು ಫೋನಲ್ಲಿ ಹೇಳಿದ್ರು. 1882ರ ಈಸ್ಮೆಂಟ್ಸ್ ಆಕ್ಟಲ್ಲಿ, ಅಂದ್ರೆ ಪಕ್ಕದವರ ಜಾಗದ ಮೇಲೆ ಬರೋ ಅನುಭವದ ಹಕ್ಕಿನ ಕಾನೂನಲ್ಲಿ, 20 ವರ್ಷ ಅನುಭವಿಸಿದ್ರೆ ಗಾಳಿ ಬೆಳಕಿನ ಹಕ್ಕು ಬರೋದು ಕಟ್ಟಡಕ್ಕೆ, ಬಯಲು ಜಾಗಕ್ಕೆ ಆ ಥರ ಬರಲ್ಲ ಅಂತ ಸೆಕ್ಷನ್ 17 ನೇರವಾಗೇ ಹೇಳುತ್ತೆ. ಅಮೆರಿಕದಲ್ಲಿ ಇದಕ್ಕೇ ಕಾನೂನಿದೆ ಅಂತಾನೂ ಅಂದ್ರು, ಇದೆ, ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲಿ ಮಾಡಿದ್ದು, ಅದೂ ಪ್ಯಾನೆಲ್ ಹಾಕೋಕೆ ಮುಂಚೆ ನೆಟ್ಟ ಮರಕ್ಕೆ ಅನ್ವಯಿಸಲ್ಲ.

ಬಾಡಿಗೆ ವಿಷಯ ಇನ್ನೂ ಬೇಜಾರು. ಪಾವಗಡದ ಸೋಲಾರ್ ಪಾರ್ಕಿಗೆ ರೈತರ ಜಮೀನು ಕೊಂಡ್ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಅಂತ ಗುತ್ತಿಗೆಗೆ ತಗೊಂಡಿದ್ದನ್ನ ಕೇಳೇ ನಮ್ಮೂರಲ್ಲೂ ಜನ ಒಪ್ಪಿದ್ದು. ನಮ್ಮ ಡೀಡಲ್ಲೂ ಎಕರೆ ಲೆಕ್ಕದ ಬಾಡಿಗೆ ಇದೆ, ಯೂನಿಟ್ ಲೆಕ್ಕ ಇಲ್ಲ, ಶೆಡ್ಯೂಲಲ್ಲಿ ಆ ಬದುವಿನಾಚೆಯ ಹಿಸ್ಸಾನೂ ಇಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ರಿಜಿಸ್ಟರ್ ಆಗಿರೋ ಲೀಸು ಸರ್ ಅದು, ಒಂದು ನೋಟಿಸ್ ಅಂಟಿಸಿ ಅದರ ಷರತ್ತು ಬದಲಾಯಿಸೋಕೆ ನಿಮಗೆ ಅಧಿಕಾರ ಕೊಟ್ಟೋರು ಯಾರು.

ಹಿಡಿದಿರೋ ಹಣ ಬಾಕಿ ಸಮೇತ ಅಕೌಂಟಿಗೆ ಹಾಕಿ, ನೋಟಿಸ್ ವಾಪಸ್ ತಗೊಂಡಿದೀವಿ ಅಂತ ಬರೆದು ಕೊಡಿ, ನಮ್ಮನ್ನ ಕೇಳದೆ ನಿಮ್ಮೋರು ಯಾರೂ ಆ ಮರದ ಹತ್ರ ಬರಬಾರದು. ನೆರಳು ಅಷ್ಟು ತೊಂದರೆ ಆದ್ರೆ ಆ ಸಾಲನ್ನ ಒಳಗೆ ಸರಿಸಿ. ಇಲ್ಲಾ ಮರಕ್ಕೆ ಬೆಲೆ ಕಟ್ಟಿ ಬೇರೆ ಅಗ್ರಿಮೆಂಟ್ ತನ್ನಿ, ಓದಿ ಯೋಚನೆ ಮಾಡ್ತೀವಿ, ಒಪ್ಪೋದು ಬಿಡೋದು ನಮಗೆ ಬಿಟ್ಟಿದ್ದು. ಉತ್ತರಾನ ಕನ್ನಡದಲ್ಲೇ ಬರೆದು ಕಳಿಸಿ, ಪಹಣೀಲಿ ನಮ್ಮಮ್ಮನ ಹೆಸರೂ ಇದೆ, ಅವರಿಗೂ ಓದಿ ಹೇಳ್ಬೇಕು. ಹದಿನೈದು ದಿನದೊಳಗೆ ಬರಲಿಲ್ಲ ಅಂದ್ರೆ ವಕೀಲರ ಕಡೆಯಿಂದ ನೋಟಿಸ್ ಬರುತ್ತೆ.

ಇಂತಿ,
ಜಮೀನಿನ ಮಾಲೀಕ